ಬಾರದವರ ಹೆಸರು ಕರೆದ ಉಮಾವತಿ

ರಾಟರ್‌ಡ್ಯಾಮಿನ ಆ ಹಳೆಯ ಕಟ್ಟಡದಲ್ಲಿ ಉಮಾವತಿಯ ಬಗ್ಗೆ ಎಲ್ಲರೂ ಹೇಳುತ್ತಿದ್ದುದು ಒಂದೇ: ಆಕೆ ಇಲ್ಲದವರನ್ನು ಕರೆಯುತ್ತಾರೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಬಂದುಹೋಗುವವರೂ ಕಡಿಮೆ. ಆದರೂ ಬೆಳಗ್ಗೆ ನದಿಯ ಮಂಜು ಮೆಲ್ಲನೆ ಬಂದು ಕಿಟಕಿಗೆ ಕೆನ್ನೆ ಒತ್ತುವ ಹೊತ್ತಿಗೆ ಅವರ ಅಡುಗೆಮನೆಯಿಂದ ಹೆಸರುಗಳು ತೇಲಿಬರುತ್ತಿದ್ದವು. ಕೆಳಗಿನ ಮನೆಯ ಡಚ್ ಅಜ್ಜಿ ಅದನ್ನು ಪ್ರಾರ್ಥನೆ ಎಂದುಕೊಂಡಿದ್ದರು. ಮೇಲಿನ ಮನೆಯ ಯತಿರಾಜ್ ಬಂದರಿನಲ್ಲಿ ಕೆಲಸ ಮಾಡುವ ಬೆಂಗಳೂರಿನವನು. ಅವನು ಮೆಟ್ಟಿಲ ಮೇಲೆ ಸಿಕ್ಕಾಗ ಕೇಳಿಯೇಬಿಟ್ಟ.

"ಮೇಡಂ, ಡೈಲಿ ಇಷ್ಟೊಂದು ಜನಾನ ಕರೀತೀರ, ಒಬ್ರೂ ಬರಲ್ವಲ್ಲ. ನನ್ನ ಕರೀರಿ, ತಿಂಡಿಗೆ ಬಂದ್ಬಿಡ್ತೀನಿ."

"ನಿಮ್ಮನ್ನು ಕರೀಲಿಕ್ಕೆ ಎಂಥ ಉಂಟು ಮಾರಾಯ್ರೆ, ಬಾಗಿಲಲ್ಲೇ ನಿಂತಿದ್ದೀರಿ. ದೂರ ಇದ್ದವರನ್ನಲ್ವಾ ಕರೀಬೇಕಾದ್ದು?" ಎಂದು ಉಮಾವತಿ ಅವನನ್ನು ಒಳಗೆ ಕೂರಿಸಿ ನೀರುದೋಸೆ ಬಡಿಸಿದರು.

ಉಮಾವತಿ ಉಡುಪಿಯ ಕಡಲ ಬದಿಯವರು, ಮೀನು ಮಾರುವವರ ಮನೆಯಲ್ಲಿ ಬೆಳೆದವರು. ಅವರ ಊರಿನ ಭೂತಕೋಲದಲ್ಲಿ ದೈವವು ನುಡಿ ಕೊಡುವ ಮೊದಲು ಸೇರಿದ ಮನೆತನಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತದೆ. ಗದ್ದೆಯ ಕೊನೆಯಲ್ಲಿ ಚಾಪೆ ಹಾಸಿ ಕೂತ ಅಜ್ಜಿಯ ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದ ಹುಡುಗಿ ಉಮಾವತಿ, ದೊಂದಿಯ ಬೆಳಕಿನೊಳಗಿಂದ ತನ್ನ ಮನೆಯ ಹೆಸರು ನಡೆದುಬರುವುದನ್ನು ಕೇಳುತ್ತಿದ್ದಳು. ಆ ಕರೆ ಮುಗಿಯುವವರೆಗೆ ದೈವದ ಯಾವ ನ್ಯಾಯತೀರ್ಮಾನವೂ ಶುರುವಾಗುತ್ತಿರಲಿಲ್ಲ.

ಈಗ ಅವರು ಕೆಲಸ ಮಾಡುತ್ತಿದ್ದುದು ಹೇಗ್ ನಗರದ ಒಂದು ಸಣ್ಣ ಸಂಘದಲ್ಲಿ. ಬಡ ದೇಶಗಳ ಅಭಿವೃದ್ಧಿಗೆಂದು ಯುರೋಪು ಕೊಡುವ ನೆರವು ಯಾರ ಹೊಟ್ಟೆ ಸೇರುತ್ತಿದೆ ಎಂದು ಕೇಳುವುದೇ ಆ ಸಂಘದ ಕೆಲಸ. ಪಶ್ಚಿಮ ಆಫ್ರಿಕಾದ ಒಂದು ತೀರದಲ್ಲಿ ಅಂಥ ನೆರವಿನಿಂದ ಮೀನು ಹುಡಿ ಮಾಡುವ ಕಾರ್ಖಾನೆ ಎದ್ದಿತ್ತು. ಸಣ್ಣ ಮೀನೆಲ್ಲ ಅದರ ಬಾಯಿಗೇ ಹೋಗಿ, ಹುಡಿಯಾಗಿ, ಯುರೋಪಿನಲ್ಲಿ ಮಾರಾಟಕ್ಕೆ ಸಾಕುವ ಮೀನಿಗೆ ಆಹಾರವಾಗುತ್ತಿತ್ತು. ಮೀನು ಹೊಗೆಯಾಡಿಸಿ ಮಾರುತ್ತಿದ್ದ ಹೆಂಗಸರ ಒಲೆಗಳು ಆರಿದ್ದವು. ಅವರ ಮುಂದಾಳು ಆವಾ. ಫೋನಿನಲ್ಲಿ ಹರಕುಮುರುಕು ಫ್ರೆಂಚ್‌ನಲ್ಲಿ ಮಾತಾಡುತ್ತಾ ಆಕೆಯೂ ಉಮಾವತಿಯೂ ಗೆಳತಿಯರಾಗಿದ್ದರು. ಬೆಳಗಿನ ಆ ಹೆಸರುಗಳು ಆವಾಳ ತೀರದ ಜನರವು. ನಾಲಗೆಗೆ ತಪ್ಪದಂತೆ ಕೂರಲಿ ಎಂದು ಉಮಾವತಿ ಅವನ್ನು ದಿನವೂ ಹೇಳಿಕೊಳ್ಳುತ್ತಿದ್ದರು.

ಸಂಘಕ್ಕೆ ಬೇಕಾಗಿದ್ದುದು ಯುರೋಪಿನ ಹೊಸ ನೀತಿಯಲ್ಲಿ ಒಂದು ವಾಕ್ಯ: ತೀರದ ಜನರು ಒಪ್ಪದ ಯಾವ ಯೋಜನೆಗೂ ನೆರವು ಹೋಗಕೂಡದು. ಬ್ರಸೆಲ್ಸ್‌ನ ಸಮಿತಿಯೊಂದರ ಮುಂದೆ ಅದನ್ನು ಕೇಳಲು ಮೂರು ನಿಮಿಷ ಸಿಕ್ಕಿತು. ಆವಾ ತಾನೇ ಬರಲು ಹೊರಟರೆ ವೀಸಾ ಸಿಗಲಿಲ್ಲ. ಹಾಗಾಗಿ ಉಮಾವತಿ ಹೋದರು, ಜೊತೆಗೆ ಸಂಘದ ಕಿರಿಯ ಸಹೋದ್ಯೋಗಿ, ಮಂಗಳೂರಿನ ಸಂಪ್ರೀತಾ. ಭಾಷಣ ಬರೆದು ತಿದ್ದಿ ಮೂರು ನಿಮಿಷಕ್ಕೆ ಅಳೆದವಳು ಅವಳೇ.

ಗಾಜಿನ ಛಾವಣಿಯಿಂದ ಇಳಿಯುವ ಬೆಳಕು ಆ ಸಭಾಂಗಣದಲ್ಲಿ ನೀರಿನಂತೆ ಅಲುಗುತ್ತಿತ್ತು. ಉಮಾವತಿ ಕಾಗದವನ್ನು ಮೇಜಿನ ಮೇಲಿಟ್ಟು ಕರೆಯತೊಡಗಿದರು. ಆವಾ, ಫಾತೂ, ಮರಿಯಾಮ, ದೋಣಿಯಿಂದ ಮರಳದ ಇಬ್ರಾಹಿಮನ ತಾಯಿ, ಕಾರ್ಖಾನೆಯ ಹಿಂದಿನ ಓಣಿಯವರು. ಹೆಸರಿನ ಹಿಂದೆ ಹೆಸರು ಅಲೆಯಂತೆ ಬಂತು. ಕಿವಿಗೆ ಅನುವಾದದ ಯಂತ್ರ ಸಿಕ್ಕಿಸಿಕೊಂಡ ಸದಸ್ಯರು ತಲೆಯೆತ್ತಿದರು. ಕೊನೆಯ ಹೆಸರು ಮುಗಿಸಿ ಉಮಾವತಿ ಕಾಗದ ಎತ್ತಿಕೊಂಡಾಗ ಮೂರು ನಿಮಿಷ ಮುಗಿದು ಕೆಂಪು ದೀಪ ಹೊತ್ತಿತು, ಮೈಕ್ ಆರಿತು.

ಮರಳುವ ರೈಲು ಗಡಿ ದಾಟುತ್ತಿದ್ದಂತೆ ಸಂಪ್ರೀತಾ ಆ ಕಾಗದವನ್ನು ಉಮಾವತಿಯ ಮುಂದೆ ಬಿಡಿಸಿಟ್ಟಳು.

"ಒಂದು ವಾಕ್ಯ ಇತ್ತು ಉಮಕ್ಕ. ಅದನ್ನು ಹೇಳ್ಲಿಕ್ಕೆ ಅಲ್ವಾ ನಾವು ಹೋದದ್ದು?"

"ಹೌದು."

"ಹೌದಂತೆ. ಹೌದಾದ್ರೆ ಕೋಲದ ಗದ್ದೆಯಲ್ಲಿ ನಿಂತ ಹಾಗೆ ಕರೀತಾ ನಿಂತದ್ದು ಯಾಕೆ? ಒಂದು ವರ್ಷದ ಕೆಲಸ ಹೋಯ್ತು."

"ಕರೆಯುವುದಕ್ಕೂ ಅವರು ಟೈಮ್ ಹಿಡೀತಾರೆ ಅಂತ ನನಗೆಂಥ ಗೊತ್ತು ಮಾರಾಯ್ತಿ? ನಮ್ಮಲ್ಲಿ ಅದನ್ನು ಮಾತಿಗೆ ಸೇರಿಸ್ಲಿಕ್ಕಿಲ್ಲ."

ಸಂಪ್ರೀತಾ ಮುಖವನ್ನು ಕಿಟಕಿಯತ್ತ ತಿರುಗಿಸಿಕೊಂಡಳು. ಹೊರಗೆ ಕಾಲುವೆಗಳು ಆಕಾಶವನ್ನು ಹೊತ್ತುಕೊಂಡು ಹಿಂದಕ್ಕೆ ಹರಿದವು.

ಆ ವಾರ ಟ್ರಾಮಿನಲ್ಲಿ ತೂಕಡಿಸುತ್ತಿದ್ದ ಉಮಾವತಿಗೆ ಕನಸು ಬಿತ್ತು. ಸಮಿತಿಯ ಉದ್ದನೆಯ ಮೇಜು ಕಡಲಿನಲ್ಲಿ ತೇಲುತ್ತಿದೆ. ಸದಸ್ಯರೆಲ್ಲ ಬೂಟು ನೆನೆಯದಂತೆ ಮೇಜಿನ ಮೇಲೆ ಕೂತಿದ್ದಾರೆ. ಸೊಂಟದವರೆಗೆ ನೀರಲ್ಲಿ ನಿಂತ ಹೆಂಗಸರು ಮೇಜಿನ ಅಂಚು ಹಿಡಿದಿದ್ದಾರೆ, ಯಾರೂ ಹತ್ತುತ್ತಿಲ್ಲ. ಫೋನಿನಲ್ಲಿ ಇದನ್ನು ಹೇಳಿದಾಗ ಆವಾ ನಕ್ಕಳು. "ನಾವ್ಯಾಕೆ ಹತ್ತಬೇಕು? ಅವರಿಗೇ ಇಳಿಯಲು ಹೇಳು."

ಉಮಾವತಿ ಅದನ್ನು ಕನಸಿನ ಮಾತೆಂದು ಬಿಡಲಿಲ್ಲ, ಸಂಘದ ಮುಂದಿಟ್ಟರು. ಸಂಪ್ರೀತಾ ಮುನಿಸಿನಲ್ಲೇ ಸಮಿತಿಗೆ ಬರೆದಳು: ಆ ಹೆಂಗಸರಿಗೆ ಇಲ್ಲಿಗೆ ಬರಲು ವೀಸಾ ಕೊಡುವುದಿಲ್ಲ, ನೀವೇ ತೀರಕ್ಕೆ ಬನ್ನಿ. ಆವತ್ತಿನ ಹೆಸರುಗಳು ಒಬ್ಬಿಬ್ಬರು ಸದಸ್ಯರ ಕಿವಿಯಲ್ಲಿ ಉಳಿದಿದ್ದವೋ ಏನೋ, ಉತ್ತರ ಬಂತು. ನೀತಿಯ ಕರಡು ಮುಗಿಯುವ ಮೊದಲು ಸಮಿತಿ ಆವಾಳ ತೀರದಲ್ಲಿ ಒಂದು ದಿನ ಕೂರುತ್ತದೆ. ವಾಕ್ಯದ ಬಗ್ಗೆ ಮಾತ್ರ ಯಾವ ಭರವಸೆಯೂ ಇಲ್ಲ. ಅಲ್ಲಿ ಸಭೆ ಕೂಡಿಸಲು, ಸಮಿತಿ ಮರಳಿದ ಮೇಲೆ ಕಾರ್ಖಾನೆಯವರು ಆ ಹೆಂಗಸರನ್ನು ಬೆದರಿಸದಂತೆ ಜೊತೆಗಿರಲು ಒಬ್ಬರು ಬೇಕಿತ್ತು. ಉಮಾವತಿ ನಾನೇ ಹೋಗುತ್ತೇನೆಂದರು.

"ವಾಪಸ್ ಬರ್ತೀರಲ್ಲ, ಮನೆ ಯಾಕೆ ಬಿಡ್ತೀರ ಮೇಡಂ?" ಸೂಟ್‌ಕೇಸ್ ಇಳಿಸಲು ಬಂದ ಯತಿರಾಜ್ ಕೇಳಿದ. "ಇಲ್ಲಿ ಮತ್ತೆ ಮನೆ ಸಿಗೋದು ಎಷ್ಟು ಕಷ್ಟ ಗೊತ್ತಲ್ಲ."

"ಮನೆ ಇದ್ರೆ ಮನಸ್ಸು ಇಲ್ಲಿಗೇ ಬರ್ತದೆ. ಅಲ್ಲಿ ಕೂತು ನಾನು ಇಲ್ಲಿಯ ಕಿಟಕಿ ನೋಡ್ಲಿಕ್ಕಾಗುದಿಲ್ಲ."

"ಸಮಿತಿಯವ್ರು ಆ ವಾಕ್ಯ ಬರೀದೇ ಹೋದ್ರೆ?"

"ಬರೆಯುವವರೆಗೆ ಅಲ್ಲೇ ಇರ್ತೇನೆ. ನೀವು ಮೊದಲು ಆ ಪೆಟ್ಟಿಗೆಯನ್ನು ನೆಟ್ಟಗೆ ಹಿಡೀರಿ, ಒಳಗೆ ಉಪ್ಪಿನಕಾಯಿ ಉಂಟು."

ಮನೆ ಬಾಡಿಗೆಗೆ ಕೊಟ್ಟಿದ್ದ ವಸತಿ ಸಂಸ್ಥೆಯ ಹೆಂಗಸು ಆಗಲೇ ಒಳಗೆ ಬರಿಗೋಡೆಗಳ ಅಳತೆ ತೆಗೆದುಕೊಳ್ಳುತ್ತಿದ್ದಳು. ಉಮಾವತಿ ಬೀಗದಕೈಯನ್ನು ಅವಳ ಅಂಗೈಗಿಟ್ಟು ಹೊರಬಂದರು. ಅಭ್ಯಾಸದಿಂದ ಬಾಗಿಲು ಎಳೆದುಕೊಳ್ಳಲು ಕೈ ಚಾಚಿ, ಅದು ಇನ್ನು ತಮ್ಮದಲ್ಲವೆಂದು ನೆನಪಾಗಿ, ತೆರೆದೇ ಬಿಟ್ಟು ಮೆಟ್ಟಿಲಿಳಿದರು.