ವುಕೋಮನ್ ಕುಡಿಯುವುದಿಲ್ಲ

ಸೆರ್ಬಿಯಾದ ನಮ್ಮ ಪುಟ್ಟ ಊರಿನ ಜೈಲಿನಲ್ಲಿ, ವಿಚಾರಣೆಗೆ ಕಾಯುವ ಆರೋಪಿಗಳನ್ನು ಡಾಕ್ಟರ್ ದೆಸಾಂಕಾ ಪರೀಕ್ಷಿಸುವ ಮೊದಲು ಫಾರಂ ತುಂಬುವುದು ನನ್ನ ಕೆಲಸ. ಈ ಘನಕಾರ್ಯಕ್ಕೆ ಸಂಬಳವೂ ಇದೆ.

ಮೂವತ್ತು ವರ್ಷ ಸಲಾಕೆ ಹಿಡಿದು ಲಾರಿ ಟಯರು ಬಿಚ್ಚಿದ ವುಕೋಮನ್, ಅದೇ ಸಲಾಕೆಯಿಂದ ತಮ್ಮನ ದವಡೆ ಮುರಿದು ಒಳಗೆ ಬಂದಿದ್ದ. ಕುಡಿತದ ಚಟವಿದೆ ಎಂದು ಫಾರಂ ಹೇಳಿದರೆ ಮಾತ್ರ ಅವನಿಗೆ ಔಷಧಿ ಸಿಗುತ್ತಿತ್ತು. ಚಟವುಳ್ಳವರು ಒಮ್ಮೆಲೇ ಬಿಟ್ಟರೆ ಭ್ರಮೆ ಹಿಡಿದು, ಫಿಟ್ಸ್ ಬಂದು ಸಾಯುವುದೂ ಉಂಟು.

“ಕುಡಿತೀರಾ, ವುಕೋಮನಣ್ಣ?”

“ಎಂಥಾ ಮಾತೋ ಹುಡುಗ! ಅಂಗಡಿ ಸರಕು ಬಾಯಿಗೆ ಸೋಕಿಸಿದೋನಲ್ಲ ನಾನು.”

“ಇಲ್ಲ” ಎಂದು ಬರೆದೆ.

ಮೂರನೆಯ ಬೆಳಿಗ್ಗೆ ಗೋಡೆಯಿಂದ ಕಣಜದ ಹುಳುಗಳು ಬರುತ್ತಿವೆ ಎಂದು ಅವನು ಕಿರುಚಿದ. ಕಾವಲುಗಾರನ ಮುಖವನ್ನು ಮೇಜಿಗೆ ಬಡಿದು ಮೂಗು ಜಜ್ಜಿದ. ನನ್ನ ಕತ್ತು ಹಿಸುಕಿ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಮೂವರು ಕಾವಲುಗಾರರು ಲಾಠಿಯಲ್ಲಿ ಚಚ್ಚಿದಾಗ ಅವನ ತೋಳಿನ ಮೂಳೆ ಲಟಕ್ಕೆಂದಿತು. ಕೆಳಗೆ ಬಿದ್ದವನು ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡ.

ಡಾಕ್ಟರ್ ಓಡಿ ಬಂದು ಸೂಜಿ ಚುಚ್ಚಿದರು. “ಮನೇಲಿ ಭಟ್ಟಿ ಇಳಿಸಿದ ರಾಕಿಯಾ ಸಾರಾಯಿ ಎಷ್ಟು ಕುಡಿತಾರೆ ಅಂತ ಕೇಳಿದ್ಯೇನೋ?”

“ಮನೇದನ್ನ ಯಾರು ಮೇಡಂ ಕುಡಿತ ಅಂತಾರೆ? ನಮ್ಮಪ್ಪ ಎರಡು ಗ್ಲಾಸು ಪ್ಲಮ್ ಹಣ್ಣಿಂದು ಹಾಕಿದ ಮೇಲೇ ಹಲ್ಲುಜ್ಜೋದು.”

“ಅವರನ್ನೂ ಕರ್ಕೊಂಡು ಬಾ. ಎಚ್ಚರ ಆದ್ಮೇಲೆ ಇವರನ್ನ ಇನ್ನೊಂದ್ಸಲ ಕೇಳು.”

ಮಧ್ಯಾಹ್ನ ಅವನಿಗೆ ಪ್ರಜ್ಞೆ ಬಂದಾಗ, ಊದಿದ ಕತ್ತಿನಿಂದ ಕೀರಲು ದನಿ ಹೊರಡಿಸಿ ಕೇಳಿದೆ: “ಅಣ್ಣ, ಮನೇದು ದಿನಕ್ಕೆಷ್ಟು?”

“ಒಂದು ಲೀಟರು,” ಎಂದ ಹರಿದ ನಾಲಿಗೆಯಲ್ಲಿ. “ಮನೆದೇವರ ಹಬ್ಬಕ್ಕೆ ಬೇರೆ.”

ರಕ್ತ ಮೆತ್ತಿದ ಫಾರಮ್ಮಿನಲ್ಲಿ “ಇಲ್ಲ” ಹೊಡೆದುಹಾಕಿ “ಹೌದು” ಎಂದು ಬರೆದೆ.