ನಾನು ಕತ್ತರಿಸಿದ ನಾಲ್ಕು ಸೆಕೆಂಡು

ಗೆಳೆಯರೇ, ಇವತ್ತು ಹೊಳೆನರಸೀಪುರದಲ್ಲಿ ಎಂಬತ್ತನಾಲ್ಕು ವರ್ಷದ ಪುಟ್ಟತಾಯಮ್ಮನವರಿಂದ ಬೈಸಿಕೊಂಡು ಬಂದೆ. ಅವರ ಅಣ್ಣ ರಂಗಸ್ವಾಮಿ ಐವತ್ತರ ದಶಕದಲ್ಲಿ ಬೊಂಬಾಯಿಗೆ ಹೋಗಿ, ಜಾಝ್ ಬ್ಯಾಂಡೊಂದರಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದು, ಅಲ್ಲೇ ತೀರಿಕೊಂಡವರು. ಆ ಬ್ಯಾಂಡಿನ ಹಳೆಯ ರೆಕಾರ್ಡೊಂದು ನನಗೆ ಸಿಕ್ಕಿತ್ತು. ಲೇಬಲ್ಲಿನ ಮೇಲೆ ಬ್ಯಾಂಡಿನ ಯಜಮಾನನ ಹೆಸರು ಮಾತ್ರ ಇದೆ. ಊದಿದ್ದು ರಂಗಸ್ವಾಮಿಯೇ ಇರಬೇಕೆಂದು ಮೊಬೈಲಿಗೆ ಹಾಕಿಕೊಂಡು ಹೋಗಿ ಕೇಳಿಸಿದೆ.

ಪೂರ್ತಿ ಕೇಳಿ, "ನಮ್ಮಣ್ಣ ಅಲ್ಲ ಕಣಪ್ಪ" ಎಂದರು.

"ಅದು ಹೇಗೆ ಗೊತ್ತಾಯ್ತು ಅವ್ವಾ?"

"ನಮ್ಮಪ್ಪ ಮದ್ವೆಗೆ ವಾಲ್ಗ ಊದ್ತಿದ್ರು. ತಾಳಿಗೆ ಮೂರ್ ಗಂಟೂ ಬೀಳೋವರ್ಗೂ ನಿಲ್ಲಿಸ್ಬ್ಯಾಡ ಅಂತ ಯೋಳ್ಕೊಟ್ಟಿದ್ರು. ಅದ್ಕೇ ಎಲ್ರೂ ನಿಲ್ಸಿದ್ಮೇಲೂ ಅಣ್ಣ ಒಬ್ನೇ ಊದೋನು. ಇವ್ನು ಎಲ್ರ ಜೊತೆ ನಿಲ್ಲಿಸ್ಬುಟ್ಟ."

ಕೊನೆಯಲ್ಲಿ ಸ್ಯಾಕ್ಸೋಫೋನ್ ಒಂದೇ ಕೇಳಿಸುತ್ತಿದ್ದ ನಾಲ್ಕು ಸೆಕೆಂಡನ್ನು ಧ್ವನಿಮುದ್ರಣದ ದೋಷವೆಂದು ತಿಳಿದು ನಾನೇ ಕತ್ತರಿಸಿದ್ದೆ. ಹಾಸನಕ್ಕೆ ಫೋನ್ ಮಾಡಿ, ನನ್ನ ಮಗಳಿಂದ ಕತ್ತರಿಸದ ಮೂಲ ಪ್ರತಿಯನ್ನು ಮೊಬೈಲಿಗೆ ತರಿಸಿಕೊಂಡು ಹಾಕಿದೆ.

ಆ ಸ್ವರ ಬಂದಾಗ ಅವರು ಫೋನನ್ನೇ ಕಿವಿಗೆ ಒತ್ತಿಕೊಂಡರು. "ಅಣ್ಣಯ್ಯಾ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ವರ್ಸ ಆದ್ಮೇಲೆ ಸಿಕ್ಕವ್ನೆ, ಅವ್ನನ್ನೇ ಕತ್ರಿಸಾಕಿದ್ಯಲ್ಲಾ, ನಿನ್ ಕೈ ಸೇದೋಗಾ!"

ರೆಕಾರ್ಡಿನ ಉಳಿದ ಮೂರು ನಿಮಿಷ ಅವರಿಗೆ ಬೇಡವಂತೆ. ಆ ನಾಲ್ಕು ಸೆಕೆಂಡನ್ನೇ ಮತ್ತೆ ಮತ್ತೆ ಹಾಕಿಸಿಕೊಂಡರು. ಫೋನ್ ವಾಪಸ್ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ಇದನ್ನು ಮಗಳ ಫೋನಿನಿಂದ ಬರೆಯುತ್ತಿದ್ದೇನೆ; ನನ್ನ ನಂಬರಿಗೆ ಕರೆ ಮಾಡಿದರೆ ಪುಟ್ಟತಾಯಮ್ಮ ಬೈಯುತ್ತಾರೆ.