ಎತ್ತಿನ ಮೇಲೆ ಹಾಕಿದ ಪಾಪ

ನನ್ನ ತಮ್ಮ ದಾವಿದಪ್ಪನ ಎಡಗಣ್ಣು ಹೋದದ್ದು ಎತ್ತು ಹಾಯ್ದು ಅಲ್ಲ. ನಾನು ಹೊಡೆದು. ನಮ್ಮ ಮನೆಯ ಅಂಗಳದಲ್ಲಿ, ನಡು ಮಧ್ಯಾಹ್ನ, ಬಾಯಲ್ಲಿ ದೇವರ ಹೆಸರು ಹೇಳುತ್ತಲೇ ಬಾರುಕೋಲಿನ ಹಿಡಿಯಿಂದ ಹೊಡೆದೆ. ಇಪ್ಪತ್ತು ವರ್ಷ ಇದನ್ನು ಮುಚ್ಚಿಟ್ಟೆ — ಮುಚ್ಚಿಟ್ಟೆ ಎನ್ನುವುದೂ ಪೂರಾ ನಿಜವಲ್ಲ, ಇದರಿಂದ ಹೆಸರು ಗಳಿಸಿದೆ.

ಆಗ ನನಗೆ ನಲವತ್ತು ದಾಟಿತ್ತು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನ ಎಂಬ ಊರಿನ ಹತ್ತಿರ ನಮ್ಮ ಹೊಲ. ಊರಿನಲ್ಲಿ ಕ್ರೈಸ್ತರದು ಕೆಲವೇ ಮನೆ, ಒಂದು ಸಣ್ಣ ಚರ್ಚು. ನಾನು ಸಭೆಯ ಹಿರಿಯ. ಮೈಯಲ್ಲಿ ಕಸುವಿತ್ತು, ತಲೆಯಲ್ಲಿ ಬಿಸಿಯಿತ್ತು. ಎರಡನ್ನೂ ಭಕ್ತಿ ಎಂದು ತಿಳಿದಿದ್ದೆ. ತಮ್ಮ ಮದುವೆಯಾಗದೆ ನನ್ನ ಜೊತೆಗೇ ಇದ್ದ. ಮೆತ್ತಗಿನ ಮನುಷ್ಯ, ಯಾರು ಕರೆದರೂ ಹೋಗುವವನು.

ಅವತ್ತು ಪಕ್ಕದ ಹೊಲದ ಶರಣಪ್ಪ ಅವನನ್ನು ಬಂಡಿಯಲ್ಲಿ ಕೂರಿಸಿಕೊಂಡು ಜಿಡಗಾ ಮಠಕ್ಕೆ ಹೋಗಿದ್ದ. ತಮ್ಮ ಅಲ್ಲಿ ಉಂಡು ಬಂದ. ಬಂದಾಗ ಹಣೆಯ ಮೇಲೆ ವಿಭೂತಿ. ಸಭೆಯ ಹಿರಿಯನ ತಮ್ಮನ ಹಣೆಯ ಮೇಲೆ — ನನಗೆ ಕಣ್ಣು ಕತ್ತಲಿಟ್ಟಿತು. ಯಾರು ಹಚ್ಚಿದರು ಎಂದು ಕೇಳಲಿಲ್ಲ. ಬಂಡಿಯಲ್ಲಿ ಜೊತೆಗೆ ಹೋಗಿದ್ದ ಶರಣಪ್ಪನ ಮುದಿ ತಾಯಿ ತನ್ನ ಮಗನಿಗೆ ಹಚ್ಚಿ, ಅದೇ ಕೈಯಿಂದ ಇವನಿಗೂ ಹಚ್ಚಿದ್ದಳು. ಬೇಡ ಅನ್ನಲು ಇವನಿಗೆ ಮನಸ್ಸು ಬರಲಿಲ್ಲ. ಇಷ್ಟೇ ಸಂಗತಿ, ನನಗೆ ಗೊತ್ತಾದದ್ದು ಆಮೇಲೆ.

"ಒರಸ್ಕೋಲೇ, ದೇವರ ಹೆಸರಿನ್ಯಾಗ ಒರಸ್ಕೋ" ಎನ್ನುತ್ತಾ ಹೊಡೆದೆ. ಬೆನ್ನಿಗೆ, ತೋಳಿಗೆ. ಅವನು ಒರೆಸಿಕೊಳ್ಳಲೆಂದೇ ಕೈ ಎತ್ತಿದ್ದ. ನನಗದು ತಡೆಯಲು ಬಂದ ಕೈಯಂತೆ ಕಂಡಿತು. ಕೋಲು ತಿರುಗಿಸಿ ಹಿಡಿದು ಮುಖಕ್ಕೆ ಬೀಸಿದೆ. ಅವನು ಕೂಗಲಿಲ್ಲ, ಕುಸಿದು ಕುಳಿತ. ರಕ್ತ ಗಲ್ಲದ ಮೇಲಿಂದ ಅಂಗಿಗೆ ಇಳಿಯಿತು. ಹಣೆಯ ವಿಭೂತಿ ಹಾಗೇ ಇತ್ತು. ಅದನ್ನು ಕಂಡು — ಇದನ್ನೂ ಹೇಳಿಬಿಡಬೇಕು — ಇನ್ನೊಂದು ಏಟು ಹೊಡೆದೆ.

ಆಳಂದದ ದವಾಖಾನೆಯಲ್ಲಿ ಎತ್ತು ಹಾಯಿತು ಅಂದೆ. ತಮ್ಮ ಹೌದೆಂದು ತಲೆ ಆಡಿಸಿದ. ನನ್ನ ಅನ್ನ ಉಣ್ಣುತ್ತಿದ್ದ, ನನ್ನ ಕೋಲು ಕಂಡಿದ್ದ, ಇನ್ನೇನು ಮಾಡಿಯಾನು. ಸುಳ್ಳು ನಿಲ್ಲಬೇಕಲ್ಲ — ಮಕ್ಕಳು ಬಾಲ ಹಿಡಿದು ಜಗ್ಗಿದರೂ ಸುಮ್ಮನಿರುತ್ತಿದ್ದ ನಮ್ಮ ಎತ್ತನ್ನು ಹಾಯುವ ಎತ್ತೆಂದು ಹೇಳಿ ಸಂತೆಯಲ್ಲಿ ಮಾರಿಬಿಟ್ಟೆ. ಆ ವರ್ಷ ಚರ್ಚಿನ ಸುಗ್ಗಿಯ ಆರಾಧನೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ನನಗೆ ಮಾಡಿದ ಉಪಕಾರವನ್ನು ಸಭೆಗೆ ಹೇಳಲು, ಎದ್ದೆ. ಕೊಂಬು ಕಣ್ಣಿಗೆ ಹೊಕ್ಕಿತು, ನಾನು ಮೊಣಕಾಲೂರಿ ಬೇಡಿದೆ, ದೇವರು ತಮ್ಮನ ಜೀವ ಉಳಿಸಿದ ಎಂದೆ. ಪಕ್ಕದಲ್ಲಿ ನಿಂತಿದ್ದ ತಮ್ಮ "ಆಮೆನ್" ಅಂದ. ಜನ ಅತ್ತರು. ಅಲ್ಲಿಂದ ಪ್ರತಿ ಸುಗ್ಗಿಗೂ ಅದೇ ಸಾಕ್ಷಿ, ಅದೇ ಆಮೆನ್. ಅಫಜಲಪುರ, ಜೇವರ್ಗಿ ಕಡೆಯ ಸಭೆಗಳಿಂದಲೂ ಕರೆ ಬಂತು. ಹೋದೆ. ಅವನನ್ನೂ ಕರೆದೊಯ್ದೆ.

ವಯಸ್ಸಾಯಿತು. ಹಲ್ಲು ಬಿದ್ದವು, ಬಲ ಹೆಗಲು ಹಿಡಿದುಕೊಂಡಿತು. ನಾನಾಗ ಯಾರ ಮೇಲೂ ಕೈ ಮಾಡುತ್ತಿರಲಿಲ್ಲ. ಮೈ ಸವೆದಂತೆಲ್ಲ ನಮ್ಮ ಹಿರಿಯರ ಒಳಗಿನ ಮನುಷ್ಯ ಹೊಸಬನಾಗುತ್ತಿದ್ದಾನೆ ಎಂದು ಪಾಸ್ಟರ್ ನನ್ನನ್ನು ತೋರಿಸಿ, ಬೈಬಲ್ಲಿನ ಮಾತೆತ್ತಿ ಪ್ರಸಂಗದಲ್ಲೇ ಹೇಳಿದರು. ಕೇಳಿ ನನಗೆ ಹಿಗ್ಗು. ನಾಚಿಕೆಯಿಲ್ಲದೆ ನಂಬಿದೆ.

ಕಳೆದ ಸುಗ್ಗಿಯ ಆರಾಧನೆಯ ದಿನ ಬೆಳಿಗ್ಗೆ ತಮ್ಮ ಹೊರಡದೆ ಕಟ್ಟೆಯ ಮೇಲೆ ಕುಳಿತಿದ್ದ.

"ನಾ ಬರಂಗಿಲ್ಲಣ್ಣ. ಇನ್ನ ಆಮೆನ್ ಅನ್ನಂಗಿಲ್ಲ."

ಅಷ್ಟು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಊರುಗೋಲು ಎತ್ತಿದೆ. ತೋಳು ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟಿತು, ನೋವಿಗೆ ಕೋಲು ಕೈಜಾರಿತು. ಅವನು ಅಲುಗಲಿಲ್ಲ, ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡಿದ.

"ಕೈ ಸೋತದಣ್ಣ. ಸಿಟ್ಟು ಸೋತಿಲ್ಲ."

ಬಿದ್ದ ಕೋಲನ್ನು ಎತ್ತಿ ನನ್ನ ಕೈಗೇ ಕೊಟ್ಟ.

ನನ್ನ ಸಾಧುತನವೆಂದರೆ ಇಷ್ಟೇ — ಮೇಲೇಳದ ಒಂದು ತೋಳು. ಒಳಗಿನವನು ಹಳಬನೇ. ಹೆಗಲು ನೆಟ್ಟಗಿದ್ದಿದ್ದರೆ ಅವನ ಇನ್ನೊಂದು ಕಣ್ಣೂ — ಚರ್ಚಿಗೆ ನಡೆಯುವಾಗ ಇದೊಂದೇ ಯೋಚನೆ. ಪಾಸ್ಟರ್ ನನ್ನ ಹೆಸರು ಕರೆದರು. ಜನ ತಂದಿಟ್ಟ ಜೋಳದ ತೆನೆ, ತೊಗರಿಯ ಮುಂದೆ ಒಬ್ಬನೇ ನಿಂತೆ.

"ಎತ್ತು ಹಾಯಲಿಲ್ರಿ. ನಾನ ಹೊಡದೀನಿ. ಅಂವ ಕುಸದ ಮ್ಯಾಲೂ ಹೊಡದೀನಿ" ಅಂದೆ.

ಯಾರೂ ಆಮೆನ್ ಅನ್ನಲಿಲ್ಲ. ಹಿಂದಿನಿಂದ ಕೆಲವರು ಎದ್ದು ಹೊರಗೆ ಹೋದರು. ಹಿರಿತನ ಹೋಯಿತು, ಹೋಗಬೇಕಾದದ್ದೇ.

ಇಷ್ಟು ಹೇಳಿದ್ದರಿಂದ ಹೊಸಬನಾದೆ ಎನ್ನಲಾರೆ. ಸಿಟ್ಟು ಈಗಲೂ ಬರುತ್ತದೆ. ಬಂದಾಗ ಅದನ್ನು ಸಿಟ್ಟು ಎಂದೇ ಕರೆಯುತ್ತೇನೆ, ದೇವರ ಹೆಸರು ಇಡುವುದಿಲ್ಲ.

ಅವತ್ತು ಮನೆಗೆ ಬಂದು ತಮ್ಮನ ಮುಂದೆ ನೆಲದ ಮೇಲೆ ಕುಳಿತು ಕ್ಷಮಿಸು ಎಂದೆ. "ಇವತ್ತ ಬ್ಯಾಡಣ್ಣ" ಎಂದು ಮುಖ ತಿರುಗಿಸಿದ. ಮರುದಿನ ಬೆಳಿಗ್ಗೆ ಎದ್ದು ಮತ್ತೆ ಕೇಳಿದೆ. ಅದರ ಮರುದಿನವೂ ಕೇಳಿದೆ. ಇವತ್ತೂ ಅವನು ಅದೇ ಮಾತು ಹೇಳಿದ. ನಾಳೆ ಮತ್ತೆ ಕೇಳುತ್ತೇನೆ.